ಸೂಪರ್‌ಕಾರಿನ ಗೇರ್ ಸುಖ, ನಮ್ಮ ಘಾಟಿಯಲ್ಲಿ, ನಮ್ಮದೇ ಗಾಡಿಯಲ್ಲಿ

ಮಣಿಪಾಲದ ಎಂಡ್ ಪಾಯಿಂಟ್‌ನಲ್ಲಿ ಕೂತಿದ್ದಾಗ ಚಿಕ್ಕಮ್ಮನ ಮಗ ಫೋನ್ ನನ್ನ ಮುಖಕ್ಕೆ ಹಿಡಿದು ಕೇಳಿದ. "ಎಂತ ಮಾರಾಯ ಇದು, ಇಷ್ಟು ಕೋಟಿ ಕೊಟ್ಟು ಕಾರು ತಗೊಂಡವನು ಮತ್ತೆ ಕ್ಲಚ್ ಒತ್ತಿ ಗೇರ್ ಹಾಕಬೇಕಾ? ಆ ಕಷ್ಟ ನನ್ನ ಹಳೆ ಸ್ವಿಫ್ಟ್‌ನಲ್ಲೇ ಉಂಟಲ್ಲ?" ಅವನು ನೋಡುತ್ತಿದ್ದದ್ದು ಪೋರ್ಷೆ 911 ಎಸ್‌/ಟಿ. 2023ರಲ್ಲಿ ಬಂದ ಕಾರು. ಮೊದಲ 911 ಜನರ ಮುಂದೆ ಬಂದ ವರ್ಷದ ನೆನಪಿಗೆ ಒಟ್ಟು 1963 ಕಾರು ಮಾತ್ರ. ಆಟೋಮ್ಯಾಟಿಕ್ ಬೇಕು ಅಂದರೆ ಕೊಡುತ್ತಲೇ ಇರಲಿಲ್ಲ. ಆರು ಗೇರ್, ಮೂರು ಪೆಡಲ್, ಅಷ್ಟೇ.

ಅವನಿಗೆ ಅಲ್ಲಿ ಬಾಯಲ್ಲಿ ಹೇಳಿದ್ದು ಅರ್ಧ. ಆ ಭಾನುವಾರ ಅದೇ ಹಳೆ ಸ್ವಿಫ್ಟ್‌ನಲ್ಲಿ ಅವನಿಂದಲೇ ಆಗುಂಬೆ ಹತ್ತಿಸಿ ಇಳಿಸಿದೆ, ಉಳಿದರ್ಧ ಗೊತ್ತಾಯಿತು. ಆ ದಿನ ಅವನಿಗೆ ಕಲಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮ್ಯಾನುವಲ್ ಗಾಡಿ ಇದ್ದು, ಅದನ್ನು ಬರೀ ಆಫೀಸಿಗೆ ಹೋಗಿ ಬರುವ ಡಬ್ಬಿ ಅಂತ ಅಂದುಕೊಂಡವರಿಗೆ ಇದು.

ಕೋಟಿ ಕೊಟ್ಟವರಿಗೆ ಕ್ಲಚ್ ಯಾಕೆ

ಮೊದಲು ಒಂದು ಮಾತು ಒಪ್ಪಿಕೊಂಡುಬಿಡೋಣ. ಬರೀ ವೇಗ ಬೇಕಾದವನಿಗೆ ಮ್ಯಾನುವಲ್ ಬೇಡ. 2021ರ 911 ಜಿಟಿ3 ಎರಡೂ ಥರ ಸಿಗುತ್ತಿತ್ತು. ಕಂಪನಿಯೇ ಕೊಟ್ಟ ಲೆಕ್ಕ ನೋಡಿ: ಪಿಡಿಕೆ ಅನ್ನುವ, ಕ್ಲಚ್ ಪೆಡಲ್ ಇಲ್ಲದೆ ತಾನೇ ಗೇರ್ ಬದಲಿಸುವ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಇದ್ದರೆ ನಿಂತಲ್ಲಿಂದ 100 ಕಿ.ಮೀ. ವೇಗಕ್ಕೆ 3.4 ಸೆಕೆಂಡ್, ಮ್ಯಾನುವಲ್ ಆದರೆ 3.9. ಅರ್ಧ ಸೆಕೆಂಡ್ ಅಂದರೆ ಈ ಜಾತಿಯ ಕಾರುಗಳಲ್ಲಿ ತುಂಬಾ ದೊಡ್ಡ ಅಂತರ. ಮ್ಯಾನುವಲ್ ಕಾರು 17 ಕೆ.ಜಿ. ಹಗುರ ಅನ್ನುವುದೊಂದೇ ಸಮಾಧಾನ.

ಬೆರಳಲ್ಲಿ ಎಳೆದರೆ ಗೇರ್ ಬದಲಾಗುವ ಪ್ಯಾಡಲ್ ಬಂದದ್ದೇ ರೇಸಿನಿಂದ. 1989ರಲ್ಲಿ ಫೆರಾರಿ ತನ್ನ ಫಾರ್ಮುಲಾ ಒನ್ ಕಾರಿನ ಸ್ಟಿಯರಿಂಗ್ ಹಿಂದೆ ಪ್ಯಾಡಲ್ ಇಟ್ಟಿತು, ನೈಜೆಲ್ ಮ್ಯಾನ್ಸೆಲ್ ಬ್ರೆಜಿಲ್‌ನಲ್ಲಿ ಅದರ ಮೊದಲ ರೇಸನ್ನೇ ಗೆದ್ದ. 1997ರಲ್ಲಿ ಎಫ್355 ಕಾರಿನಲ್ಲಿ ಅದು ರಸ್ತೆಗೆ ಇಳಿಯಿತು. 2009ರ 458 ಇಟಾಲಿಯಾ ಹೊತ್ತಿಗೆ ಮ್ಯಾನುವಲ್ ಕೇಳಿದರೂ ಇಲ್ಲ. ಲ್ಯಾಂಬೋರ್ಗಿನಿಯಲ್ಲಿ 2013ರಲ್ಲಿ ಗಲ್ಲಾರ್ಡೊ ಹೋಯಿತು, ಅದರ ಜೊತೆ ಕ್ಲಚ್ ಪೆಡಲ್ಲೂ ಹೋಯಿತು. ಅದೇ ವರ್ಷ ಪೋರ್ಷೆ ಕೂಡ ಹೊಸ ಜಿಟಿ3ಯನ್ನು ಪಿಡಿಕೆಯಲ್ಲಿ ಮಾತ್ರ ತಂದಿತು. ಇಲ್ಲಿಗೆ ಕಥೆ ಮುಗಿಯಿತು ಅಂತ ಎಲ್ಲರೂ ಅಂದುಕೊಂಡರು.

ಮುಗಿಯಲಿಲ್ಲ. 2016ರಲ್ಲಿ ಪೋರ್ಷೆ 911 ಆರ್ ಅಂತ 991 ಕಾರು ಮಾಡಿತು, ಮ್ಯಾನುವಲ್ ಮಾತ್ರ. ಹೊಸದರ ಬೆಲೆಗಿಂತ ಎಷ್ಟೋ ಪಟ್ಟು ಜಾಸ್ತಿಗೆ ಅವು ಕೈ ಬದಲಾದವು. ಮರುವರ್ಷವೇ ಜಿಟಿ3ಗೆ ಮ್ಯಾನುವಲ್ ವಾಪಸ್ ಬಂತು. ಪಗಾನಿಯ ಯುಟೋಪಿಯಾದಲ್ಲಿ ಏಳು ಗೇರಿನ ಮ್ಯಾನುವಲ್ ಸಿಗುತ್ತದೆ. ಆಸ್ಟನ್ ಮಾರ್ಟಿನ್‌ನ ವೇಲರ್, ಬರೀ 110 ಕಾರು, ವಿ12 ಎಂಜಿನ್, ಆರು ಗೇರ್. ಸ್ವೀಡನ್ನಿನ ಕೋನಿಗ್ಸೆಗ್‌ನವರದ್ದು ಇನ್ನೂ ತಮಾಷೆ. ಅವರ ಸಿಸಿ850ರಲ್ಲಿ ಇರುವುದು ಒಂಬತ್ತು ಗೇರಿನ ಆಟೋಮ್ಯಾಟಿಕ್. ಅದಕ್ಕೇ ಕ್ಲಚ್ ಪೆಡಲ್, ಲೋಹದ ತಟ್ಟೆಯ ಸೀಳುಗಳಲ್ಲಿ ಓಡಾಡುವ ತೆರೆದ ಗೇಟಿನ ಲಿವರ್ ಜೋಡಿಸಿ, ಬೇಕಾದಾಗ ಆರು ಗೇರಿನ ಮ್ಯಾನುವಲ್ ಥರ ಓಡಿಸುವ ಹಾಗೆ ಮಾಡಿದ್ದಾರೆ. ಎಂಜಿನ್ ಆಫ್ ಆಗುವುದು ಕೂಡ ಉಂಟು ಅದರಲ್ಲಿ, ಸರಿಯಾಗಿ ಕ್ಲಚ್ ಬಿಡದಿದ್ದರೆ!

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಗಾರ್ಡನ್ ಮರ್ರೆಯ ಟಿ.50. ಮೆಕ್ಲಾರೆನ್ ಎಫ್1 ಮಾಡಿದ ಅದೇ ಮನುಷ್ಯ. ವಿ12 ಎಂಜಿನ್ ನಿಮಿಷಕ್ಕೆ 12,100 ಸುತ್ತು (ಆರ್‌ಪಿಎಂ) ತನಕ ಹೋಗುತ್ತದೆ, ಇಡೀ ಕಾರು ಒಂದು ಟನ್ನಿಗಿಂತ ಕಮ್ಮಿ, ಡ್ರೈವರ್ ಕೂರುವುದು ನಡುವಿನ ಸೀಟಲ್ಲಿ, ಮಾಡಿದ್ದು ನೂರೇ ಕಾರು, ಗೇರ್ ಕೈಯಲ್ಲೇ ಹಾಕಬೇಕು. ಆದರೆ ಇದೇ ಕಾರಿನ ರೇಸ್ ಟ್ರ್ಯಾಕ್ ರೂಪ ಟಿ.50ಎಸ್‌ಗೆ ಪ್ಯಾಡಲ್. ಗಡಿಯಾರ ನೋಡುವ ಕಡೆ ಪ್ಯಾಡಲ್, ಓಡಿಸುವವನ ಮುಖ ನೋಡುವ ಕಡೆ ಲಿವರ್. ತಮ್ಮನಿಗೆ ನಾನು ಹೇಳಿದ್ದೂ ಇಷ್ಟೇ. ಪ್ಯಾಡಲ್ ಎಳೆದರೆ ಗೇರ್ ಬದಲಾಗುತ್ತದೆ, ಚೆನ್ನಾಗಿಯೇ ಬದಲಾಗುತ್ತದೆ, ಪ್ರತಿ ಸಲ ಒಂದೇ ಥರ. ಮ್ಯಾನುವಲ್‌ನಲ್ಲಿ ಚೆನ್ನಾಗಿ ಬಿದ್ದರೆ ಅದು ನಿನ್ನಿಂದ, ಕೆಟ್ಟದಾಗಿ ಬಿದ್ದರೂ ನಿನ್ನಿಂದ. ಆ ಸುಖಕ್ಕೇ ಅವರು ಕೋಟಿ ಕೊಡುವುದು. ಆದರೆ ಆ ಸುಖಕ್ಕೆ ಕೋಟಿ ಬೇಕಾಗಿಲ್ಲ. ಕರಾವಳಿಯಲ್ಲಂತೂ ಬೇಕಾಗಿಯೇ ಇಲ್ಲ. ನಮ್ಮಲ್ಲಿ ಮನೆ ಗೇಟು ದಾಟಿದರೆ ಏರು, ಅದು ಮುಗಿದರೆ ಇಳಿಜಾರು.

ಮೊದಲು ಎಡಗಾಲು

ಡ್ರೈವಿಂಗ್ ಕಲಿತು ಹತ್ತು ವರ್ಷ ಆದವರಿಗೂ ತಮ್ಮ ಗಾಡಿಯ ಕ್ಲಚ್ ಎಲ್ಲಿ ಹಿಡಿಯುತ್ತದೆ ಅಂತ ಸರಿಯಾಗಿ ಗೊತ್ತಿರುವುದಿಲ್ಲ. ಅಂದಾಜಿಗೆ ಬಿಡುತ್ತಾರೆ, ಜೊತೆಗೆ ಎಕ್ಸಲರೇಟರ್ ಒತ್ತಿ ತಪ್ಪು ಮುಚ್ಚಿಕೊಳ್ಳುತ್ತಾರೆ. ನಾನೂ ಹಾಗೇ ಇದ್ದೆ.

ಹೀಗೆ ಮಾಡಿ. ಸಮತಟ್ಟಾದ, ಜನ ಇಲ್ಲದ ಜಾಗ ಹುಡುಕಿ. ಹಿಮ್ಮಡಿ ನೆಲಕ್ಕೆ ತಾಗಿರಲಿ. ಕ್ಲಚ್ ಪೂರ್ತಿ ಒತ್ತಿ ಒಂದನೇ ಗೇರ್ ಹಾಕಿ. ಈಗ ಬಲಗಾಲನ್ನು ಎಲ್ಲಾ ಪೆಡಲ್‌ನಿಂದ ತೆಗೆದು, ಬ್ರೇಕ್ ಹತ್ತಿರ ಸುಮ್ನೆ ಇಟ್ಟುಕೊಳ್ಳಿ. ಎಕ್ಸಲರೇಟರ್ ಮುಟ್ಟಲೇಬೇಡಿ. ಕ್ಲಚ್ಚನ್ನು ಒಂದೊಂದೇ ಮಿಲಿಮೀಟರ್ ಬಿಡುತ್ತಾ ಬನ್ನಿ. ಒಂದು ಕಡೆ ಎಂಜಿನ್ನಿನ ಸದ್ದು ಸ್ವಲ್ಪ ತಗ್ಗುತ್ತದೆ, ಬಾನೆಟ್ ಸಣ್ಣಗೆ ನಡುಗುತ್ತದೆ. ಅದೇ ಹಿಡಿಯುವ ಜಾಗ. ಅಲ್ಲಿ ಕಾಲನ್ನು ನಿಲ್ಲಿಸಿ, ಎರಡು ಸೆಕೆಂಡ್ ಕಾಯಿರಿ, ಗಾಡಿ ತಾನೇ ಕದಲುತ್ತದೆ. ಕದಲಿದ ಮೇಲೆ ಉಳಿದದ್ದನ್ನು ಬಿಡಿ. ಇದನ್ನು ಇಪ್ಪತ್ತು ಸಲ. ಎರಡು ದಿನ ಬಿಟ್ಟು ಮತ್ತೆ ಇಪ್ಪತ್ತು ಸಲ.

ಇದು ಎಳೆ ಮಕ್ಕಳ ಪಾಠ ಅಂತ ನಗಬೇಡಿ. ಪೋರ್ಷೆ ಕರೆರಾ ಜಿಟಿ ಅಂತ ಒಂದು ಕಾರುಂಟು, 2004ರಿಂದ 2006ರ ಹೊತ್ತಿನದು, 5.7 ಲೀಟರ್ ವಿ10, ಗೇರ್ ಲಿವರಿನ ತುದಿಗೆ ಮರದ ಗುಂಡು. ಅದರ ಸೆರಾಮಿಕ್ ಕ್ಲಚ್ 169 ಮಿಲಿಮೀಟರ್ ಅಗಲ, ಒಂದು ಸಣ್ಣ ತಟ್ಟೆಯಷ್ಟು. ದೊಡ್ಡ ದೊಡ್ಡ ಡ್ರೈವರ್‌ಗಳೇ ಅದನ್ನು ನಿಂತಲ್ಲಿಂದ ಹೊರಡಿಸಲು ಹೋಗಿ ಆಫ್ ಮಾಡಿಕೊಂಡು ಮುಖ ಕೆಂಪಗೆ ಮಾಡಿಕೊಂಡಿದ್ದಾರೆ. ಅದಕ್ಕಿರುವ ಉಪಾಯ ಎಂತ ಗೊತ್ತಾ? ಎಕ್ಸಲರೇಟರ್ ಮುಟ್ಟದೆ ಕ್ಲಚ್ ನಿಧಾನ ಬಿಡುವುದು, ಗಾಡಿ ಕದಲಿದ ಮೇಲೆ ಮಾತ್ರ ಒತ್ತುವುದು. ನೀವು ಈಗ ಮಾಡಿದ್ದು ಅದೇ.

ಒಂದು ಮಾತು ಚಪ್ಪಲಿಯ ಬಗ್ಗೆ. ಹವಾಯಿ ಚಪ್ಪಲಿಯಲ್ಲಿ ಇದನ್ನೆಲ್ಲ ಮಾಡಬೇಡಿ, ಮಳೆಗಾಲದಲ್ಲಂತೂ ಬೇಡವೇ ಬೇಡ. ಒದ್ದೆ ಚಪ್ಪಲಿ ಜಾರುತ್ತದೆ, ಪೆಡಲ್ ಅಡಿಗೆ ಸಿಕ್ಕಿಕೊಳ್ಳುತ್ತದೆ. ದಪ್ಪ ಸೋಲಿನ ಶೂ ಕೂಡ ಬೇಡ, ಕಾಲಿಗೆ ಏನೂ ಗೊತ್ತಾಗುವುದಿಲ್ಲ. ತೆಳು ಸೋಲಿನ ಕ್ಯಾನ್ವಾಸ್ ಶೂ ಸಾಕು.

ಏರಿನಲ್ಲಿ ನಿಂತಾಗ

ಮಂಗಳೂರಿನವರಿಗೆ ಲೈಟ್‌ಹೌಸ್ ಹಿಲ್ ರಸ್ತೆ, ಪಂಪ್‌ವೆಲ್ ಕಡೆಯಿಂದ ನಂತೂರಿಗೆ ಬರುವ ಏರು. ಉಡುಪಿಯವರಿಗೆ ಲಕ್ಷ್ಮೀಂದ್ರ ನಗರದಿಂದ ಟೈಗರ್ ಸರ್ಕಲ್. ಪರೀಕ್ಷೆ ಬರೆಯಲು ಬೇರೆ ಊರಿಗೆ ಹೋಗಬೇಕಾಗಿಲ್ಲ.

ನನ್ನ ಪರೀಕ್ಷೆ ನಡೆದದ್ದು ಲೈಟ್‌ಹೌಸ್ ಹಿಲ್‌ನಲ್ಲಿ. ಮಾವನ ಮಾರುತಿ 800, ಹಿಂದೆ ಮೂಗಿಗೆ ಮೂಗು ತಾಗಿಸಿದ ಹಾಗೆ ಒಂದು ಸಿಟಿ ಬಸ್. ಮೂರು ಸಲ ಆಫ್ ಆಯಿತು. ನಾಲ್ಕನೇ ಸಲ ಎಂಜಿನ್ನನ್ನು ಕಿರುಚಿಸಿ, ಅರ್ಧ ಕ್ಲಚ್‌ನಲ್ಲಿ ನೇತಾಡಿ, ಹೇಗೋ ಮೇಲೆ ಹತ್ತಿದೆ. ಬಸ್ಸಿನ ಬಾಗಿಲಿಂದ ಕಂಡಕ್ಟರ್ ನನಗೇ "ರೈಟ್ ಪೋಯಿ" ಅಂತ ಕೂಗಿದ. ಬಾವುಟಗುಡ್ಡೆ ತಲುಪುವಾಗ ಕಾರಿನೊಳಗೆ ಸುಟ್ಟ ವಾಸನೆ. ಮಾವ ಮಾತಾಡಲಿಲ್ಲ. ಮುಂದಿನ ತಿಂಗಳು ಕ್ಲಚ್ ಪ್ಲೇಟ್ ಬದಲಿಸಿದ ಬಿಲ್ಲನ್ನು ನನ್ನ ಊಟದ ತಟ್ಟೆಯ ಪಕ್ಕ ಇಟ್ಟರು.

ಸರಿಯಾದ ದಾರಿ ಸುಲಭ. ಹ್ಯಾಂಡ್‌ಬ್ರೇಕ್ ಎಳೆದಿರಿ. ಒಂದನೇ ಗೇರ್. ಸ್ವಲ್ಪ ಎಕ್ಸಲರೇಟರ್ ಕೊಟ್ಟು ಆರ್‌ಪಿಎಂ 1500ರ ಹತ್ತಿರ ಹಿಡಿದುಕೊಳ್ಳಿ. ಕ್ಲಚ್ಚನ್ನು ಹಿಡಿಯುವ ಜಾಗದ ತನಕ ಬಿಡಿ. ಗಾಡಿಯ ಹಿಂಭಾಗ ಸ್ವಲ್ಪ ಕುಗ್ಗಿದ ಹಾಗೆ ಆಗುತ್ತದೆ, ಅಂದರೆ ಎಂಜಿನ್ ಈಗ ಹ್ಯಾಂಡ್‌ಬ್ರೇಕ್ ಜೊತೆ ಹಗ್ಗಜಗ್ಗಾಟ ಆಡುತ್ತಿದೆ. ಆಗ ಹ್ಯಾಂಡ್‌ಬ್ರೇಕ್ ಇಳಿಸಿ. ಒಂದಿಂಚೂ ಹಿಂದೆ ಹೋಗುವುದಿಲ್ಲ. ಹಿಲ್ ಹೋಲ್ಡ್ ಇರುವ ಗಾಡಿಯಾದರೆ ಎರಡು ಸೆಕೆಂಡ್ ಅದೇ ಹಿಡಿದುಕೊಳ್ಳುತ್ತದೆ, ಆದರೂ ಇದು ಕೈಗೆ ಬಂದಿರಲಿ. ಸಿಗ್ನಲ್‌ನಲ್ಲಿ ಅರ್ಧ ಕ್ಲಚ್ ಮೇಲೆ ಗಾಡಿಯನ್ನು ತೂಗಿಸಿ ನಿಲ್ಲಿಸುವ ಅಭ್ಯಾಸ ಮಾತ್ರ ಬೇಡ. ನೋಡಲು ಜಾಣತನ, ಕ್ಲಚ್ ಪ್ಲೇಟಿಗೆ ಸಾವು.

ಗೇರ್ ಇಳಿಸುವುದು ಅಂದರೆ ತಾಳ

ಈಗ ಅಸಲು ವಿಷಯ. ಗೇರ್ ಏರಿಸುವುದು ಯಾರಿಗೂ ಕಷ್ಟ ಇಲ್ಲ. ಕ್ಲಚ್, ಲಿವರ್, ಕ್ಲಚ್. ಲಿವರನ್ನು ಮುಷ್ಟಿಯಲ್ಲಿ ಹಿಂಡದೆ, ಅಂಗೈಯಿಂದ ತಳ್ಳಿ, ನ್ಯೂಟ್ರಲ್‌ನಲ್ಲಿ ಕಣ್ಣು ಮಿಟುಕಿಸುವಷ್ಟು ತಡೆದರೆ ಗೇರ್ ತಾನೇ ಒಳಗೆ ಜಾರುತ್ತದೆ. ಅಷ್ಟೇ.

ಇಳಿಸುವುದೇ ಬೇರೆ ವಿದ್ಯೆ. ಮೂರನೇ ಗೇರಿನಲ್ಲಿ 40 ಕಿ.ಮೀ. ವೇಗದಲ್ಲಿದ್ದೀರಿ, ಮುಂದೆ ತಿರುವು, ಎರಡಕ್ಕೆ ಇಳಿಸಿ ಕ್ಲಚ್ ಬಿಟ್ಟಿರಿ. ಗಾಡಿ ಮುಗ್ಗರಿಸಿದ ಹಾಗೆ ಒಂದು ಜರ್ಕ್. ಹಿಂದಿನ ಸೀಟಿನಲ್ಲಿದ್ದ ಅಮ್ಮ "ನಿಧಾನ ಮಗಾ" ಅನ್ನುತ್ತಾರೆ. ಯಾಕೆ ಹಾಗಾಯಿತು? ನಮ್ಮ ಸಣ್ಣ ಕಾರುಗಳಲ್ಲಿ ಆ ವೇಗದಲ್ಲಿ ಮೂರನೇ ಗೇರ್‌ಗೆ ಎಂಜಿನ್ ಹೆಚ್ಚುಕಮ್ಮಿ 2000 ಆರ್‌ಪಿಎಂನಲ್ಲಿ ತಿರುಗುತ್ತದೆ. ಎರಡನೇ ಗೇರಿನಲ್ಲಿ ಅದೇ ವೇಗಕ್ಕೆ ಸುಮಾರು 3000 ಬೇಕು. ನೀವು ಕ್ಲಚ್ ಒತ್ತಿದಾಗ ಎಂಜಿನ್ 1000ಕ್ಕೆ ಕುಸಿದಿತ್ತು. ಆ ಎರಡು ಸಾವಿರದ ವ್ಯತ್ಯಾಸವನ್ನು ಕ್ಲಚ್ ಪ್ಲೇಟೂ ಚಕ್ರಗಳೂ ಸೇರಿ ಎಳೆದು ತುಂಬಿಸಬೇಕಾಯಿತು. ಜರ್ಕ್ ಅಂದರೆ ಆ ಎಳೆದಾಟ.

ಆ ಎಳೆದಾಟವನ್ನು ಮೊದಲೇ ಮುಗಿಸಿಬಿಡುವುದಕ್ಕೆ ರೆವ್ ಮ್ಯಾಚಿಂಗ್ ಅನ್ನುತ್ತಾರೆ. ಕ್ಲಚ್ ಒತ್ತಿ, ಲಿವರ್ ಎರಡಕ್ಕೆ ಹೋಗುವಾಗಲೇ ಬಲಗಾಲಿನಿಂದ ಎಕ್ಸಲರೇಟರ್‌ಗೆ ಒಂದು ತಟ್ಟು. ಒತ್ತಿ ಹಿಡಿಯುವುದಲ್ಲ, ಚೆಂಡೆಗೆ ಕೋಲು ಬಿದ್ದ ಹಾಗೆ ತಟ್ಟಿ ಬಿಡುವುದು. ಸೂಜಿ 3000 ದಾಟಿ ಕೆಳಗೆ ಇಳಿಯುತ್ತಿರುವಾಗ ಕ್ಲಚ್ ಬಿಟ್ಟುಬಿಡಿ. ಸರಿಯಾಗಿ ಬಿದ್ದರೆ ಏನೂ ಆಗುವುದಿಲ್ಲ. ಅದೇ ಅದರ ಗುರುತು. ಜರ್ಕ್ ಇಲ್ಲ, ಎಂಜಿನ್ನಿನ ಸ್ವರ ಮಾತ್ರ ಬದಲಾಗಿರುತ್ತದೆ. ಯಕ್ಷಗಾನದಲ್ಲಿ ವೇಷಧಾರಿಯ ಹೆಜ್ಜೆ ತಾಳಕ್ಕೆ ಕೂತಾಗ ಯಾರೂ ಗಮನಿಸುವುದಿಲ್ಲ, ತಪ್ಪಿದಾಗ ಮಾತ್ರ ಹಿಂದಿನ ಸಾಲಿನ ಅಜ್ಜನಿಗೂ ಗೊತ್ತಾಗುತ್ತದೆ, ಹಾಗೆ.

ಮೊದಲ ದಿನ ಹತ್ತರಲ್ಲಿ ಎಂಟು ತಪ್ಪುತ್ತದೆ. ತಟ್ಟು ಜಾಸ್ತಿಯಾದರೆ ಗಾಡಿ ಮುಂದಕ್ಕೆ ಹಾರಿದ ಹಾಗಾಗುತ್ತದೆ, ಕಮ್ಮಿಯಾದರೆ ಹಿಂದಕ್ಕೆ ಎಳೆದ ಹಾಗೆ. ಮೀಟರ್ ನೋಡಬೇಡಿ, ಕಿವಿಯಿಂದ ಕಲಿಯಿರಿ. ಈಗಿನ ಗಾಡಿಗಳಲ್ಲಿ ಎಕ್ಸಲರೇಟರಿಗೆ ತಂತಿ ಇಲ್ಲ, ಎಲ್ಲಾ ಸೆನ್ಸರ್. ಹಾಗಾಗಿ ತಟ್ಟಿದ ಮೇಲೆ ಎಂಜಿನ್ ಏಳಲು ಒಂದು ಚೂರು ತಡ ಆಗುತ್ತದೆ, ಆ ತಡವನ್ನು ಲೆಕ್ಕಕ್ಕೆ ಹಿಡಿದು ಸ್ವಲ್ಪ ಮೊದಲೇ ತಟ್ಟಿ. ಡೀಸೆಲ್ ಗಾಡಿಯಾದರೆ ಇನ್ನೂ ನಿಧಾನ. ಒಂದು ತಟ್ಟು ಸಾಲುವುದಿಲ್ಲ, ಸ್ವಲ್ಪ ಒತ್ತಬೇಕು.

ಈ ವಿದ್ಯೆಯ ದೊಡ್ಡ ಗುರುಗಳು ನಮ್ಮ ಹಳೆಯ ಬಸ್ ಡ್ರೈವರ್‌ಗಳು. ಸಿಂಕ್ರೋಮೆಶ್, ಅಂದರೆ ಗೇರುಗಳ ವೇಗವನ್ನು ತಾನೇ ಹೊಂದಿಸುವ ಭಾಗ, ಇಲ್ಲದ ಗೇರ್‌ಬಾಕ್ಸಿನ ಕಾಲದಲ್ಲಿ ಅವರು ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು, ಎಕ್ಸಲರೇಟರ್ ತಟ್ಟಿ, ಮತ್ತೆ ಕ್ಲಚ್ ಒತ್ತಿ ಗೇರ್ ಇಳಿಸುತ್ತಿದ್ದರು. ಡಬಲ್ ಕ್ಲಚ್ ಅಂದರೆ ಇದೇ. ಹಾಗೆ ಮಾಡದಿದ್ದರೆ ಗೇರ್ ಬೀಳುತ್ತಲೇ ಇರಲಿಲ್ಲ, ಹಲ್ಲು ಕಡಿದ ಸದ್ದು ಬರುತ್ತಿತ್ತು. ಸಣ್ಣವನಿದ್ದಾಗ ಡ್ರೈವರ್ ಪಕ್ಕದ ಬಿಸಿ ಎಂಜಿನ್ ಡಬ್ಬಿಯ ಮೇಲೆ ಕೂತು ಆ ಕಾಲುಗಳನ್ನು ನೋಡಿದ್ದೇನೆ. ತಲೆಗೆ ಒಂದು ಟವೆಲ್, ಬಾಯಲ್ಲಿ ಎಲೆ ಅಡಿಕೆ, ಕಾಲು ಮಾತ್ರ ತನ್ನ ಪಾಡಿಗೆ ಕುಣಿಯುತ್ತಿತ್ತು.

ಈಗ ಕಂಪ್ಯೂಟರೇ ತಟ್ಟಿಕೊಡುತ್ತದೆ. ಮ್ಯಾನುವಲ್ ಕಾರಿನಲ್ಲಿ ಈ ಸೌಕರ್ಯ ಮೊದಲು ಕೊಟ್ಟದ್ದು ನಿಸ್ಸಾನ್, 370ಜೆಡ್‌ನಲ್ಲಿ. ಜಿಟಿ3 ಮ್ಯಾನುವಲ್‌ನಲ್ಲೂ ಉಂಟು, ಆದರೆ ಅದನ್ನು ಆಫ್ ಮಾಡಬಹುದು. ನನ್ನ ಕೇಳಿದರೆ ಆಫ್ ಮಾಡಲಿಕ್ಕೆ ಕೊಟ್ಟದ್ದೇ ಅದರ ಒಳ್ಳೆಯ ಭಾಗ.

ಬ್ರೇಕ್ ಮೇಲೂ ಕಾಲು, ಎಕ್ಸಲರೇಟರ್ ಮೇಲೂ ಕಾಲು

ಇಷ್ಟು ಕೈಗೆ, ಅಲ್ಲ ಕಾಲಿಗೆ, ಬಂದ ಮೇಲೆ ಒಂದು ಪ್ರಶ್ನೆ ಬರುತ್ತದೆ. ತಿರುವಿಗೆ ಮೊದಲು ಬ್ರೇಕ್ ಒತ್ತುತ್ತಿರುವಾಗ ಎಕ್ಸಲರೇಟರ್ ತಟ್ಟುವುದು ಯಾವ ಕಾಲಿನಲ್ಲಿ? ಉತ್ತರ ಹೀಲ್ ಅಂಡ್ ಟೋ. ಹೆಸರು ದಾರಿ ತಪ್ಪಿಸುತ್ತದೆ, ಹಿಮ್ಮಡಿ ಬಳಸಬೇಕಾಗಿಲ್ಲ. ಪಾದದ ಎಡ ಅರ್ಧ ಬ್ರೇಕಿನ ಬಲ ಅಂಚಿನ ಮೇಲಿರಲಿ. ಬ್ರೇಕ್ ಒತ್ತಿ ಹಿಡಿದೇ, ಪಾದವನ್ನು ಬಲಕ್ಕೆ ವಾಲಿಸಿ, ಪಾದದ ಬಲ ಅಂಚಿನಿಂದ ಎಕ್ಸಲರೇಟರ್ ತಟ್ಟಿ.

ಇಲ್ಲಿ ನಮ್ಮ ಕಾರುಗಳ ಒಂದು ಕಿರಿಕಿರಿ ಉಂಟು. ಸ್ಪೋರ್ಟ್ಸ್ ಕಾರುಗಳಲ್ಲಿ ಈ ಎರಡು ಪೆಡಲ್‌ಗಳನ್ನು ಇದಕ್ಕೇ ಅಂತ ಹತ್ತಿರ ಹತ್ತಿರ ಇಡುತ್ತಾರೆ. ನಮ್ಮ ಮನೆ ಗಾಡಿಗಳಲ್ಲಿ ಎಕ್ಸಲರೇಟರ್ ಬ್ರೇಕಿಗಿಂತ ತುಂಬಾ ಕೆಳಗಿರುತ್ತದೆ. ಬ್ರೇಕ್ ಸ್ವಲ್ಪ ಗಟ್ಟಿಯಾಗಿ ಒತ್ತಿದರೆ ಮಾತ್ರ ಎರಡೂ ಒಂದೇ ಮಟ್ಟಕ್ಕೆ ಬರುತ್ತವೆ. ಮೆಲ್ಲಗೆ ಬ್ರೇಕ್ ಹಾಕುವಾಗ ಪ್ರಯತ್ನ ಮಾಡಿದರೆ ಕಾಲು ಉಳುಕುವುದೇ ಲಾಭ.

ಮೊದಲು ಮನೆಯಂಗಳದಲ್ಲಿ, ಎಂಜಿನ್ ಆಫ್ ಇರುವಾಗ ಕಾಲಿನ ಕೋನ ಅಭ್ಯಾಸ ಮಾಡಿ. ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕ್ ಪೆಡಲ್ ಕಲ್ಲಿನ ಹಾಗೆ ಆಗುತ್ತದೆ, ಹೆದರಬೇಡಿ, ಬ್ರೇಕಿಗೆ ಬಲ ಕೊಡುವ ಬೂಸ್ಟರಿನ ವ್ಯಾಕ್ಯೂಮ್ ಮುಗಿದದ್ದು ಅಷ್ಟೇ. ಆಮೇಲೆ ಖಾಲಿ ರಸ್ತೆಯಲ್ಲಿ 30, 40ರ ವೇಗದಲ್ಲಿ. ತಟ್ಟುವಾಗ ಬ್ರೇಕಿನ ಒತ್ತಡ ಏರಿಳಿಯಬಾರದು, ಕಷ್ಟ ಇರುವುದು ಅಲ್ಲೇ. ನನಗೆ ಮೂರು ತಿಂಗಳು ಹಿಡಿಯಿತು. ತಮ್ಮನಿಗೆ ಇನ್ನೂ ಬಂದಿಲ್ಲ, ಬರುವ ತನಕ ಹೀಲ್ ಅಂಡ್ ಟೋ ಬೇಡ, ಮೊದಲು ಬ್ರೇಕ್ ಮುಗಿಸಿ ಆಮೇಲೆ ಗೇರ್ ಇಳಿಸು ಅಂತ ಹೇಳಿದ್ದೇನೆ. ನಿಮಗೂ ಅದೇ. ಟ್ರಾಫಿಕ್ಕಿನಲ್ಲಿ ಅಭ್ಯಾಸ ಮಾಡಿ ಮುಂದಿನವನ ಬಂಪರ್ ಒಡೆದು ನನ್ನನ್ನು ಬೈಯಬೇಡಿ.

ಘಾಟಿ ಹತ್ತುವ ಮೊದಲು

ನಮಗೆ ಆಯ್ಕೆಗೆ ಬರ ಇಲ್ಲ. ಶಿರಾಡಿ, ಚಾರ್ಮಾಡಿ, ಸಂಪಾಜೆ, ಬಾಳೆಬರೆ, ಆಗುಂಬೆ. ಶಿರಾಡಿಯಲ್ಲಿ ಲಾರಿ ಜಾಸ್ತಿ, ಅಲ್ಲಿ ಕಲಿಯುವುದು ತಾಳ್ಮೆ ಮಾತ್ರ. ಕಲಿಯಲು ಆಗುಂಬೆಯೇ ಸರಿ. ಸೋಮೇಶ್ವರ ದಾಟಿದ ಮೇಲೆ 14 ಹೇರ್‌ಪಿನ್ ತಿರುವು, ಹತ್ತುವಾಗ ಎಲ್ಲದಕ್ಕೂ ಗೇರ್ ಕೆಲಸ ಉಂಟು. ಜೂನ್‌ನಿಂದ ಸೆಪ್ಟೆಂಬರ್ ತನಕ ಇದಕ್ಕೆ ಹೋಗಬೇಡಿ. ಮಂಜು, ನೀರು, ಮಣ್ಣು ಜರಿಯುವ ಭಯ. ದೀಪಾವಳಿ ಕಳೆದ ಮೇಲೆ, ಬೆಳಿಗ್ಗೆ ಬೇಗ ಹೊರಟರೆ ರಸ್ತೆ ನಿಮ್ಮದು ಮತ್ತು ಮಂಗಗಳದ್ದು.

ಹತ್ತುವಾಗ ನೆನಪಿಡಬೇಕಾದ್ದು ಇಷ್ಟು: ಗೇರ್ ಇಳಿಸುವುದು ತಿರುವಿಗೆ ಮೊದಲು, ತಿರುವಿನೊಳಗೆ ಅಲ್ಲ. ಸ್ಟಿಯರಿಂಗ್ ಪೂರ್ತಿ ತಿರುಗಿಸಿದ ಮೇಲೆ ಎಡಗೈ ಗೇರ್ ಹುಡುಕುತ್ತಾ ಹೋದರೆ ಕಾರು ನಿಂತುಬಿಡುತ್ತದೆ, ಇಲ್ಲದಿದ್ದರೆ ನಾಕ್ ಹೊಡೆಯುತ್ತದೆ. ಕಡಿದಾದ ತಿರುವಿಗೆ ಎರಡನೇ ಗೇರ್ ಸಾಲದು ಅನ್ನಿಸಿದರೆ ನಾಚಿಕೆ ಪಡದೆ ಒಂದಕ್ಕೆ ಬನ್ನಿ, ಆದರೆ ಗಾಡಿ ನಡೆಯುವ ವೇಗಕ್ಕೆ ಬಂದ ಮೇಲೆ. ಮೇಲಿನ ಗೇರಿನಲ್ಲಿ ಕಾಲು ಪೂರ್ತಿ ಒತ್ತಿ ಎಂಜಿನ್ನನ್ನು ನರಳಿಸಬೇಡಿ, ಸಣ್ಣ ಟರ್ಬೊ ಎಂಜಿನ್‌ಗಳಿಗೆ ಅದು ಒಳ್ಳೆಯದಲ್ಲ. 3000, 3500ರಲ್ಲಿ ಎಂಜಿನ್ ಹಾಡಿದರೆ ಹಾಡಲಿ ಬಿಡಿ. ಆರ್‌ಪಿಎಂ ಏರಿದರೆ ಪೆಟ್ರೋಲ್ ಕುಡಿಯುತ್ತದೆ ಅಂತ ಹೆದರಿ ಇಡೀ ಜನ್ಮ 1500ರಲ್ಲೇ ಓಡಿಸುವವರು ನಮ್ಮಲ್ಲಿ ಜಾಸ್ತಿ. ಅವರಿಗೆ ತಮ್ಮ ಗಾಡಿಯ ಅರ್ಧ ಸ್ವರ ಇನ್ನೂ ಕೇಳಿಯೇ ಇಲ್ಲ.

ಎದುರಿನಿಂದ ಗಾಡಿ ಬಂದು ಜಾಗ ಸಾಲದಿದ್ದರೆ ಹತ್ತುವವರಿಗೆ ಮೊದಲ ಹಕ್ಕು. ಆದರೆ ಎದುರಿರುವುದು ಬಸ್ ಆದರೆ ಹಕ್ಕಿನ ಮಾತು ಬಿಟ್ಟು ನೀವೇ ಬದಿಗೆ ನಿಲ್ಲಿ. ಹೊರಡಲು ಹ್ಯಾಂಡ್‌ಬ್ರೇಕ್ ವಿದ್ಯೆ ಈಗ ಗೊತ್ತಲ್ಲ.

ಯಾರಾದರೂ ಕೀ ಕೊಟ್ಟರೆ

ಆಗುವುದೇ ಇಲ್ಲ ಅನ್ನಬೇಡಿ. ದುಬೈಯಲ್ಲೋ ಬೆಂಗಳೂರಲ್ಲೋ ಇರುವ ಯಾವುದಾದರೂ ನೆಂಟನಿಗೆ ಒಂದು ದಿನ ಉದಾರ ಬುದ್ಧಿ ಬರಬಹುದು. ಹಾಗೇನಾದರೂ ಮ್ಯಾನುವಲ್ ಸೂಪರ್‌ಕಾರಿನಲ್ಲಿ ಕೂತರೆ, ಹೊರಡುವ ಮೊದಲು ಎಂಜಿನ್ ಆಫ್ ಇರುವಾಗಲೇ ಎಲ್ಲಾ ಗೇರ್ ಹಾಕಿ ನೋಡಿ. ರಿವರ್ಸ್‌ಗೆ ಒತ್ತಬೇಕೋ ಎತ್ತಬೇಕೋ ಕೇಳಿಕೊಳ್ಳಿ. ಕೆಲವು ಹಳೆಯವುಗಳಲ್ಲಿ, ಉದಾಹರಣೆಗೆ ಲ್ಯಾಂಬೋರ್ಗಿನಿ ಕೌಂಟಾಚ್‌ನಲ್ಲಿ, ಒಂದನೇ ಗೇರ್ ಎಡಕ್ಕೆ ಕೆಳಗಿರುತ್ತದೆ. ನಮ್ಮ ಅಭ್ಯಾಸದಲ್ಲಿ ಎರಡು ಇರುವ ಜಾಗ ಅದು. ರೇಸಿನಲ್ಲಿ ಎರಡು ಮತ್ತು ಮೂರರ ನಡುವೆ ಓಡಾಟ ಜಾಸ್ತಿ, ಅವೆರಡೂ ಒಂದೇ ಗೆರೆಯಲ್ಲಿರಲಿ ಅಂತ ಹಾಗೆ.

ತೆರೆದ ಲೋಹದ ಗೇಟಿನ ಹಳೆಯ ಫೆರಾರಿಯಾದರೆ ಬೆಳಿಗ್ಗೆ ಮೊದಲಿಗೆ ಎರಡನೇ ಗೇರ್ ಹಠ ಮಾಡುತ್ತದೆ. ಒತ್ತಾಯ ಬೇಡ. ಗೇರ್ ಆಯಿಲ್ ಬಿಸಿಯಾಗುವ ತನಕ ಒಂದರಿಂದ ಮೂರಕ್ಕೆ ಹೋಗಿ. ಆ ಗೇಟಿಗೆ ಲಿವರ್ ತಾಗುವ ಟಕ್ ಅನ್ನುವ ಸದ್ದಿಗೆ ಮರುಳಾದವರು ಲೋಕದಲ್ಲಿ ಎಷ್ಟು ಜನ ಅಂದರೆ, ಒಂದೇ ಮಾಡೆಲ್‌ನಲ್ಲಿ ಪ್ಯಾಡಲ್ ಕಾರಿಗಿಂತ ಮ್ಯಾನುವಲ್ ಕಾರಿಗೆ ಈಗ ಬೆಲೆ ಜಾಸ್ತಿ.

ಇಂಥ ಕಾರುಗಳ ಫ್ಲೈವೀಲ್, ಅಂದರೆ ಎಂಜಿನ್ ಜೊತೆ ತಿರುಗುವ ಭಾರದ ಚಕ್ರ, ಹಗುರ. 911 ಎಸ್‌/ಟಿಯಲ್ಲಿ ಕ್ಲಚ್ ಮತ್ತು ಫ್ಲೈವೀಲ್ ಸೇರಿ ತಿರುಗುವ ಭಾಗಗಳಲ್ಲೇ 10.5 ಕೆ.ಜಿ. ಇಳಿಸಿದ್ದಾರೆ. ಅಂದರೆ ಕಾಲು ತೆಗೆದ ಕೂಡಲೇ ಆರ್‌ಪಿಎಂ ಬಿದ್ದುಹೋಗುತ್ತದೆ, ತಟ್ಟಿದ ಕೂಡಲೇ ಏಳುತ್ತದೆ. ಸ್ವಿಫ್ಟ್‌ನ ನಿಧಾನದ ತಾಳ ಅಲ್ಲಿ ನಡೆಯುವುದಿಲ್ಲ, ಎಲ್ಲವೂ ದ್ರುತ.

ಎರಡು ತಪ್ಪು ಮಾತ್ರ ಮಾಡಲೇಬಾರದು. ಒಂದು, ತಿರುವಿನ ಮಧ್ಯೆ ಗೇರ್ ಇಳಿಸಿ ಕ್ಲಚ್ಚನ್ನು ಥಟ್ಟನೆ ಬಿಡುವುದು. ಹಿಂದಿನ ಚಕ್ರ ಎಳೆಯುವ ಕಾರು ಅದು, ಚಕ್ರ ಒಂದು ಕ್ಷಣ ಹಿಡಿದುಕೊಂಡರೆ ಕಾರು ತಿರುಗಿ ನೀವು ಬಂದ ದಾರಿ ನೋಡುತ್ತದೆ. ಇನ್ನೊಂದು, ಐದರಿಂದ ನಾಲ್ಕಕ್ಕೆ ಹೋಗಬೇಕಾದ ಕೈ ಎರಡಕ್ಕೆ ಹೋಗುವುದು. ಇದಕ್ಕೆ ಮನಿ ಶಿಫ್ಟ್ ಅಂತ ಹೆಸರು, ಯಾಕೆ ಅಂತ ಬಿಲ್ ಬಂದಾಗ ಗೊತ್ತಾಗುತ್ತದೆ. ಎಂಜಿನ್ನಿಗೆ ಆರ್‌ಪಿಎಂ ಮಿತಿ ಇದ್ದರೂ ಇಲ್ಲಿ ಉಪಯೋಗ ಇಲ್ಲ, ಪೆಟ್ರೋಲ್ ಕಟ್ ಮಾಡಿದರೂ ಚಕ್ರಗಳೇ ಎಂಜಿನ್ನನ್ನು ಹಿಡಿದು ತಿರುಗಿಸುತ್ತವೆ, ವಾಲ್ವು ಪಿಸ್ಟನ್ನಿಗೆ ಬಡಿಯಬಹುದು. ಪ್ಯಾಡಲ್ ಕಾರು ಆಗಿದ್ದರೆ ಕಂಪ್ಯೂಟರ್ ಆಗುವುದಿಲ್ಲ ಅಂತ ಹೇಳಿಬಿಡುತ್ತಿತ್ತು. ಇಲ್ಲಿ ಆಗುವುದಿಲ್ಲ ಅನ್ನುವವರು ನೀವೊಬ್ಬರೇ.

ಗಾಡಿಯ ಕಡೆಗೂ ಸ್ವಲ್ಪ

ಓಡಿಸುವಾಗ ಎಡಗಾಲು ಕ್ಲಚ್ ಮೇಲೆ ವಿಶ್ರಾಂತಿ ಪಡೆಯದಿರಲಿ. ಟಾಪ್ ಗೇರಿನಲ್ಲಿ ಎಕ್ಸಲರೇಟರ್ ಒತ್ತಿದಾಗ ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ ಅಂತ ಅರ್ಥ, ಘಾಟಿಗೆ ಹೋಗುವ ಮೊದಲೇ ತೋರಿಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ನಮ್ಮ ಕರಾವಳಿಯಲ್ಲಿ ತೇವಕ್ಕೆ ಕೊರತೆ ಇಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಹೈಡ್ರಾಲಿಕ್ ಕ್ಲಚ್ ಇರುವ ಎಷ್ಟೋ ಗಾಡಿಗಳಲ್ಲಿ ಕ್ಲಚ್‌ಗೂ ಅದೇ ಆಯಿಲ್.

ಇಷ್ಟೆಲ್ಲ ಹೇಳಿ ಸಂಜೆ ಆರಕ್ಕೆ ಹಂಪನಕಟ್ಟೆಯ ಟ್ರಾಫಿಕ್ಕಿನಲ್ಲೂ ಮ್ಯಾನುವಲ್ಲೇ ಸುಖ ಅಂದರೆ ನೀವು ನಂಬುವುದಿಲ್ಲ, ನಂಬಲೂಬೇಡಿ. ನಮ್ಮ ಮನೆಯಲ್ಲಿ ಪೇಟೆಗೆ ಹೋಗುವುದು ಎಎಂಟಿ ಗಾಡಿ, ಕ್ಲಚ್ಚನ್ನೂ ಗೇರನ್ನೂ ಅದೇ ನೋಡಿಕೊಳ್ಳುತ್ತದೆ. 2014ರಲ್ಲಿ ಸೆಲೆರಿಯೊದಲ್ಲಿ ಅದು ಬಂದಾಗ ನಾನೂ ಮೂಗು ಮುರಿದವನೇ, ಈಗ ಮಂಡಿ ನೋವು ಬಂದ ಮೇಲೆ ಸುಮ್ಮನಾಗಿದ್ದೇನೆ. ಲಿವರ್ ಉಂಟು ಕ್ಲಚ್ ಪೆಡಲ್ ಇಲ್ಲ ಅನ್ನುವ ಐಎಂಟಿ ಮಾತ್ರ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಕೋಳಿ ಇಲ್ಲದ ಕೋರಿರೊಟ್ಟಿ.

ಇಳಿಯುವಾಗ

ಆಗುಂಬೆಯಿಂದ ಇಳಿಯುವುದಕ್ಕೆ ಹಳೆಯ ನಿಯಮ: ಯಾವ ಗೇರಿನಲ್ಲಿ ಹತ್ತಿದಿರೋ ಅದೇ ಗೇರಿನಲ್ಲಿ ಇಳಿಯಿರಿ. ಎಕ್ಸಲರೇಟರ್ ಬಿಟ್ಟರೆ ಎಂಜಿನ್ನೇ ಗಾಡಿಯನ್ನು ತಡೆಯುತ್ತದೆ, ಬ್ರೇಕಿಗೆ ವಿಶ್ರಾಂತಿ. ಆ ಹೊತ್ತಿನಲ್ಲಿ ಪೆಟ್ರೋಲೂ ಹೋಗುವುದಿಲ್ಲ, ಈಗಿನ ಎಂಜಿನ್‌ಗಳು ಇಂಜೆಕ್ಷನ್ ನಿಲ್ಲಿಸುತ್ತವೆ. ಹಾಗಾಗಿ ಮೈಲೇಜ್ ಆಸೆಗೆ ನ್ಯೂಟ್ರಲ್ ಹಾಕಿ ಇಳಿಯುವ ಮಹಾನುಭಾವರು ಉಳಿಸುವುದು ಏನೂ ಇಲ್ಲ, ಬ್ರೇಕ್ ಬಿಸಿಯಾಗಿ ಹಿಡಿಯದೆ ಹೋದರೆ ಕಳೆದುಕೊಳ್ಳುವುದು ತುಂಬಾ. ಬ್ರೇಕ್ ಮೇಲೆ ಕಾಲು ಸುಮ್ನೆ ಇಟ್ಟುಕೊಂಡೇ ಇಳಿಯಬೇಡಿ. ಒತ್ತಿ ವೇಗ ಇಳಿಸಿ, ಬಿಡಿ, ಮತ್ತೆ ಬೇಕಾದಾಗ ಒತ್ತಿ. ಮೂರರಿಂದ ಎರಡಕ್ಕೆ ಬರುವಾಗ ಆ ಒಂದು ತಟ್ಟು ಮರೆಯಬೇಡಿ. 14 ತಿರುವಿನಲ್ಲಿ ತಮ್ಮನಿಗೆ ಐದು ಸರಿಯಾಗಿ ಬಿತ್ತು. ಆರನೆಯದು ಅಂತ ಅವನು ಇನ್ನೂ ವಾದ ಮಾಡುತ್ತಾನೆ, ನಾನು ಒಪ್ಪಿಲ್ಲ.

ಹೆಬ್ರಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಇಳಿದು ಮುಂದಿನ ಚಕ್ರದ ಹತ್ತಿರ ಮೂಗು ಒಯ್ಯಿರಿ. ಬ್ರೇಕ್ ಸುಟ್ಟ ವಾಸನೆ ಬಂದರೆ ನೀವು ಒಂದು ಗೇರ್ ಕಮ್ಮಿ ಇಟ್ಟು ಇಳಿಯಬೇಕಿತ್ತು. ಹ್ಯಾಂಡ್‌ಬ್ರೇಕ್ ಎಳೆಯದೆ, ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಒಂದು ಕಲ್ಲು ಕೊಟ್ಟು, ಕಾಲು ಗಂಟೆ ತಣಿಯಲು ಬಿಡಿ. ನೀರು ಮಾತ್ರ ಹೊಯ್ಯಬೇಡಿ, ಡಿಸ್ಕ್ ಸೊಟ್ಟಗಾದೀತು.